ಬಚ್ಚಲಿನ ಎರಡನೆಯ ಬಾಗಿಲು

ಬೆಳಗಾವಿಯ ಕ್ಯಾಂಪಿನಲ್ಲಿ ನನ್ನ ತಂಗಿಯ ಮನೆಯವರದೊಂದು ಹಳೆಯ ಬಂಗಲೆ ಇದೆ. ಅವಳ ಮಾವನವರು ಬಹಳ ವರ್ಷಗಳ ಹಿಂದೆ ಪಡೆದದ್ದು. ಅವರಾಗಲಿ ಅವರ ಮಕ್ಕಳಾಗಲಿ ಅಲ್ಲಿ ಒಂದು ದಿನವೂ ಸಂಸಾರ ಹೂಡಿದವರಲ್ಲ. ಯಾರಿಗಾದರೂ ಬಾಡಿಗೆಗೆ ಕೊಡುವುದು, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವುದು, ಇಷ್ಟೇ ಅದರೊಡನೆ ಅವರ ಸಂಬಂಧ. ಈಗ ತಂಗಿಯ ಗಂಡ ನಿವೃತ್ತರಾದರು. ಮಗಳ ಓದು ಮುಗಿಯಿತು. ಊರ ನಡುವಿನ ಇಕ್ಕಟ್ಟಾದ ಮನೆ ಬಿಟ್ಟು ಬಂಗಲೆಯನ್ನೇ ಸರಿಮಾಡಿಸಿಕೊಂಡು ಇರೋಣ ಎಂದು ನಿಶ್ಚಯಿಸಿದರು. ಕೆಲಸ ಅರ್ಧ ಆದಾಗ ತಂಗಿಯ ಫೋನು ಬಂತು.

"ಅಕ್ಕಾ, ಐತವಾರ ಬಂದು ಹೋಗು. ಒಂದ್ ಬಾಗ್ಲದ್ದು ವಾದ ಆಗೇದ. ನೀ ಹೇಳಿದ್ಹಂಗ ಮಾಡೂಣು."

ಒಂದು ಬಾಗಿಲಿಗಾಗಿ ನಾನು ಹೋಗಬೇಕೆ ಎಂದು ನಗು ಬಂತು. ಆದರೂ ಹೋದೆ. ಹೋಗಿ ಬಂದ ಮೇಲೆ ಆ ಬಾಗಿಲು ನನ್ನನ್ನು ಬಿಡಲಿಲ್ಲ. ಅದರ ಬಗ್ಗೆಯೇ ಈ ಬರಹ.

ಬೋಗಾರವೇಸಿನ ಗದ್ದಲ ದಾಟಿ ಕ್ಯಾಂಪಿಗೆ ತಿರುಗಿದರೆ ಬೇರೆಯೇ ಊರಿಗೆ ಬಂದಂತೆ ಆಗುವುದು ಬೆಳಗಾವಿಯವರಿಗೆಲ್ಲ ಗೊತ್ತು. ರಸ್ತೆಯ ಎರಡೂ ಕಡೆ ಹಳೆಯ ಮರಗಳು, ದೂರ ದೂರಕ್ಕೆ ಕಾಂಪೌಂಡುಗಳು, ಒಳಗೆಲ್ಲೋ ಅಡಗಿ ಕೂತ ಮನೆಗಳು. ತಂಗಿಯ ಬಂಗಲೆಯೂ ಹಾಗೆಯೇ. ಗೇಟಿನಿಂದ ಮನೆಯವರೆಗೆ ನಡೆಯುವಷ್ಟರಲ್ಲಿ ನಮ್ಮ ಓಣಿಯ ನಾಲ್ಕು ಮನೆ ಕಟ್ಟಬಹುದು. ಮೊದಲು ಕುದುರೆಗಾಡಿ ನಿಲ್ಲುತ್ತಿದ್ದ ಪೋರ್ಟಿಕೋ, ನಂತರ ಮನೆಯ ಸುತ್ತಲೂ ಸೆರಗು ಹೊದೆಸಿದಂತೆ ಅಗಲವಾದ ವರಾಂಡ. ಜಾಂಬಾ ಕಲ್ಲಿನ ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ಮಗುವನ್ನು ಮಲಗಿಸಬಹುದು. ನಡುವೆ ದೊಡ್ಡ ಹಾಲು, ಅದರ ಎರಡೂ ಕಡೆ ಕೋಣೆಗಳು. ಎತ್ತರದ ಮಾಡಿನ ಕೆಳಗೆ ಸಾಲಾಗಿ ಚಿಕ್ಕ ಕಿಟಕಿಗಳು. ಹಗ್ಗ ಎಳೆದರೆ ತೆರೆದುಕೊಳ್ಳುತ್ತವೆ, ಬಿಸಿಗಾಳಿ ಮೇಲಿನಿಂದಲೇ ಹೊರಗೆ ಹೋಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಫ್ಯಾನಿಲ್ಲದೆ ತಂಪಾಗಿ ಕೂತೆವು. ಸುಳ್ಳು ಏಕೆ ಹೇಳಲಿ, ನನಗೆ ಆ ಮನೆ ಬಹಳ ಹಿಡಿಸಿತು. ಇಂಥ ಮನೆಯಲ್ಲಿ ಇರಬೇಕೆಂದು ಯಾವ ಹೆಂಗಸಿಗೆ ಅನ್ನಿಸುವುದಿಲ್ಲ?

ಹಾಲಿನ ಗೋಡೆಯ ಮೇಲ್ಗಡೆ ಒಂದು ಸಣ್ಣ ತೂತು ಇತ್ತು. ಇಲಿ ಬಿಲವೇ ಎಂದು ಕೇಳಿದೆ. ಅಲ್ಲ. ವಿದ್ಯುತ್ತು ಬರುವ ಮೊದಲು ಮಾಡಿನಿಂದ ಬಟ್ಟೆಯ ದೊಡ್ಡ ಪಂಖ ತೂಗುಬಿಟ್ಟಿರುತ್ತಿದ್ದರು. ಅದರ ಹಗ್ಗ ಆ ತೂತಿನಿಂದ ವರಾಂಡಕ್ಕೆ ಹೋಗುತ್ತಿತ್ತು. ಅಲ್ಲಿ ಕೂತ ಆಳು ಗಂಟೆಗಟ್ಟಲೆ ಹಗ್ಗ ಎಳೆಯುತ್ತಿದ್ದ. ಒಳಗಿದ್ದವರಿಗೆ ಗಾಳಿ ಬರುತ್ತಿತ್ತು, ಎಳೆಯುವವನ ಮುಖ ಕಾಣುತ್ತಿರಲಿಲ್ಲ.

ವಾದದ ಬಾಗಿಲು ಇದ್ದದ್ದು ಬಚ್ಚಲಿನಲ್ಲಿ. ಮಲಗುವ ಕೋಣೆಗಳು ಮೂರು, ಮೂರಕ್ಕೂ ತಲಾ ಒಂದು ಬಚ್ಚಲು. ಪ್ರತಿ ಬಚ್ಚಲಿಗೂ ಎರಡು ಬಾಗಿಲು. ಒಂದು ಕೋಣೆಯ ಕಡೆಗೆ, ಇನ್ನೊಂದು ಹೊರಗಿನ ಅಂಗಳಕ್ಕೆ. ಹೊರಗಿನ ಬಾಗಿಲು ಕುಳ್ಳಗಿದೆ, ತಲೆ ಬಗ್ಗಿಸಿ ಬರಬೇಕು. ಅಳಿಯಂದಿರ ವಾದ, "ಕಳ್ಳರಿಗೆ ಅನುಕೂಲ ಆಗ್ತದ ಅಕ್ಕಾರ, ಮುಚ್ಚಿಸಿಬಿಡೋದು ಛಲೋ" ಎಂದು. ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಹುಡುಗ ಮಾತ್ರ ಹಳೆಯ ಬರ್ಮಾ ತೇಗದ ಬಾಗಿಲು, ಇಂಥದು ಇನ್ನು ಸಿಗುವುದಿಲ್ಲ, ಪಾಲಿಶ್ ಮಾಡಿಸಿ ಹಾಗೇ ಇಡಿ ಅನ್ನುತ್ತಿದ್ದ. ತಂಗಿಯ ಮಗಳಿಗೆ ಇಬ್ಬರ ಮಾತೂ ಸರಿಬರಲಿಲ್ಲ.

"ದೊಡ್ಡವ್ವ, ಈ ಬಾಗ್ಲಾ ಯಾಕ ಮಾಡ್ಯಾರ ಗೊತ್ತದ ಏನು ನಿಮಗ? ಗೊತ್ತಾದ ಮ್ಯಾಲೂ ಇದಕ್ಕ ಪಾಲಿಶ್ ಮಾಡಸ್ತೀರಿ?"

ನನಗೆ ಗೊತ್ತಿತ್ತು. ಇತಿಹಾಸ ಕಲಿಸುವವಳು ನಾನು.

1818ರ ಏಪ್ರಿಲ್‌ನಲ್ಲಿ ಥಾಮಸ್ ಮನ್ರೋ ಸುಮಾರು ಮೂರು ವಾರ ಮುತ್ತಿಗೆ ಹಾಕಿ ಬೆಳಗಾವಿಯ ಕೋಟೆಯನ್ನು ಪೇಶ್ವೆಯ ಕಡೆಯವರಿಂದ ತೆಗೆದುಕೊಂಡ. 1832ರಲ್ಲಿ ಇಲ್ಲಿ ದಂಡಿನ ಪ್ರದೇಶ ನೆಲೆಗೊಂಡಿತು. 1836ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಬೆಳಗಾಂ ಜಿಲ್ಲೆ ಮಾಡಿದರು. ಎರಡೂವರೆ ಸಾವಿರ ಅಡಿ ಎತ್ತರ, ತಂಪು ಹವೆ. ಸಾಹೇಬರಿಗೆ ಊರು ಒಗ್ಗಿತು. ಅಧಿಕಾರಿಗಳಿಗೆ ಬಂಗಲೆಗಳಾದವು. ಬಂಗಲೆ ಎಂಬ ಮಾತೇ ಬಂಗಾಲದಿಂದ ಬಂದದ್ದು. ಅಲ್ಲಿನ ರೈತನ ಇಳಿಮಾಡಿನ ಗುಡಿಸಲನ್ನು ನೋಡಿ, ಅದನ್ನೇ ಹಿಗ್ಗಿಸಿ, ಎತ್ತರಿಸಿ, ಸುತ್ತ ವರಾಂಡ ಕೂಡಿಸಿ ತಮ್ಮ ಮನೆ ಮಾಡಿಕೊಂಡರು. ಆಮೇಲೆ 1870ರ ಆಸುಪಾಸಿನಲ್ಲಿ ಅದೇ ಬಂಗಲೆ ಹೆಸರು ಸಮೇತ ಇಂಗ್ಲೆಂಡಿನ ಕೆಂಟ್ ಸೀಮೆಯ ಕಡಲ ದಂಡೆಗೆ ಹೋಗಿ ಅಲ್ಲಿಯೂ ಮನೆಯಾಯಿತು. ನಾವು ಇಂಗ್ಲಿಷರ ಮನೆ ಅನ್ನುವುದು ಅರ್ಧ ನಮ್ಮದೇ ಮನೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಮುಂದಿನ ಮಾತಿಗೆ ಅದು ಬೇಕಾಗುತ್ತದೆ.

ಆ ಕಾಲಕ್ಕೆ ನಲ್ಲಿ ಇಲ್ಲ, ಒಳಚರಂಡಿ ಇಲ್ಲ. ಸ್ನಾನದ ನೀರನ್ನು ಪಖಾಲಿಯಲ್ಲಿ ಹೊತ್ತು ತರಬೇಕು. ಶೌಚಕ್ಕೆ ಮರದ ಪೆಟ್ಟಿಗೆಯಂಥ ಆಸನ, ಅದರ ಕೆಳಗೊಂದು ಪಾತ್ರೆ. ಪಾತ್ರೆಯನ್ನು ದಿನವೂ ಯಾರೋ ಎತ್ತಿಕೊಂಡು ಹೋಗಿ ಚೆಲ್ಲಿ, ತೊಳೆದು ತಂದಿಡಬೇಕು. ನೀರು ತರುವವನೂ ಮಲ ಎತ್ತುವವಳೂ ಸಾಹೇಬರ ಕೋಣೆಯನ್ನು ದಾಟಿ ಬರಬಾರದು. ಅದಕ್ಕಾಗಿಯೇ ಬಚ್ಚಲಿಗೆ ಎರಡನೆಯ ಬಾಗಿಲು. ಅಡಿಗೆ ಮನೆ ಬಂಗಲೆಗೆ ಅಂಟಿಕೊಂಡಿಲ್ಲ, ಹೊಗೆ ಮತ್ತು ಬೆಂಕಿಯ ಭಯಕ್ಕೆ ದೂರವಿದೆ. ಅದರಾಚೆ ಆಳುಗಳ ಕೋಣೆಗಳ ಸಾಲು. ಮುಂದಿನಿಂದ ನೋಡಿದರೆ ಅದು ಯಾವುದೂ ಕಾಣುವುದಿಲ್ಲ.

ಚಿಲಕಗಳನ್ನು ನೋಡಿ ನನಗೆ ಇನ್ನೊಂದು ವಿಷಯ ಹೊಳೆಯಿತು. ಹೊರಗಿನ ಬಾಗಿಲಿನ ಚಿಲಕ ಬಚ್ಚಲಿನ ಒಳಗಿದೆ. ಆದರೆ ಕೋಣೆಯಿಂದ ಬಚ್ಚಲಿಗೆ ಹೋಗುವ ಬಾಗಿಲಿಗೆ ಬಚ್ಚಲಿನ ಕಡೆಗಷ್ಟೇ ಅಲ್ಲ, ಕೋಣೆಯ ಕಡೆಗೂ ಒಂದು ದಪ್ಪ ಚಿಲಕವಿದೆ. ಅಂದರೆ ಬೆಳಿಗ್ಗೆ ಹೊರಗಿನ ಚಿಲಕ ತೆಗೆದು, ಕೋಣೆಗೆ ಬಂದು, ಈ ಕಡೆಯ ಚಿಲಕ ಹಾಕಿಕೊಳ್ಳುತ್ತಿದ್ದರು. ಆಕೆ ಬಂದು ಕೆಲಸ ಮುಗಿಸಿ ಹೋಗುತ್ತಿದ್ದಳು. ಎರಡು ಬಾಗಿಲುಗಳೂ ಒಮ್ಮೆಗೇ ತೆರೆದಿರುವ ಗಳಿಗೆ ಆ ಮನೆಯಲ್ಲಿ ಬರುತ್ತಲೇ ಇರಲಿಲ್ಲ. ನೂರು ವರ್ಷ ಒಂದೇ ಸೂರಿನ ಕೆಳಗೆ ಓಡಾಡಿದ ಇಬ್ಬರು ಒಬ್ಬರನ್ನೊಬ್ಬರು ನೋಡದಂತೆ ಯಾರೋ ಕಾಗದದ ಮೇಲೆ ಮೊದಲೇ ಗೆರೆ ಎಳೆದಿಟ್ಟಿದ್ದರು.

"ಮುಚ್ಚಿಸಿಬಿಡ್ರಿ ದೊಡ್ಡವ್ವ, ಅಸಹ್ಯ" ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. ಹೌದು, ಇಂಗ್ಲಿಷರ ಸೊಕ್ಕು ನೋಡು, ಮುಚ್ಚಿಸುವುದೇ ಸರಿ ಎಂದು ನಾನೂ ಹೇಳುವವಳಿದ್ದೆ. ಹಾಗೆ ಹೇಳುವುದು ಸುಲಭವಾಗಿತ್ತು. ವಿಚಾರ ಮಾಡಿ ಮುಂದಿನ ವಾರ ಹೇಳುತ್ತೇನೆಂದು ಬಂದೆ. ಬಂದ ಎರಡು ದಿನಕ್ಕೆ ನನಗೆ ಖಾನಾಪುರಕ್ಕೆ ಹೋಗುವ ಕೆಲಸ ಬಿತ್ತು.

ಖಾನಾಪುರ ನನ್ನ ತವರು. ಬೆಳಗಾವಿಯಿಂದ ಬಸ್ಸಿನಲ್ಲಿ ಒಂದು ತಾಸೂ ಆಗುವುದಿಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಊರ ಮಗ್ಗುಲಲ್ಲೇ ಹರಿಯುತ್ತಾಳೆ. ಕೆಂಪು ಮಣ್ಣಿನ ಊರು. ಹಂಚು, ಗಡಿಗೆಗಳಿಗೆ ಹೆಸರಾದದ್ದು. ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೊಂದು ಅಲ್ಲಿದೆ. ಹಳೆಯ ಮನೆಗಳೆಲ್ಲ ಮಳೆಗೆ ಹೆದರಿ ಹಂಚಿನ ಮಾಡನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತಿರುತ್ತವೆ. ನಮ್ಮ ಮನೆಯೂ ಅಂಥದೇ. ಅಣ್ಣ ತೀರಿಕೊಂಡ ಮೇಲೆ ಬೀಗ ಹಾಕಿದ್ದೆವು. ವೈನಿ ಮಗನ ಕಡೆಗೆ ಹೋಗಿದ್ದಾರೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ನೋಡಿ ಬರುವುದು ನನ್ನ ಪಾಲಿನ ಕೆಲಸ.

ಬೀಗ ತೆಗೆದು ಪಡಸಾಲೆ, ನಡುಮನೆ, ಅಡಿಗೆ ಮನೆ ದಾಟಿ ಹಿತ್ತಲಿಗೆ ಹೋದೆ. ಹಿತ್ತಲ ಗೋಡೆಯಲ್ಲಿ ಒಂದು ಕುಳ್ಳ ಬಾಗಿಲು. ಅದರಾಚೆ ಸಂದಿ. ಊರಿನಲ್ಲಿ ಮರಾಠಿ ಮಾತು ಕೂಡಿಕೊಂಡು ಅದಕ್ಕೆ ಬೋಳ ಅನ್ನುತ್ತಿದ್ದೆವು. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಸಣ್ಣದು. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಹೋಗುತ್ತದೆ. ಊರಿನ ಯಾವ ಮರ್ಯಾದಸ್ಥರೂ ಅಲ್ಲಿ ಕಾಲಿಡುತ್ತಿರಲಿಲ್ಲ.

ನಾನು ನಿಂತೇ ಬಿಟ್ಟೆ. ಇದೇ ಬಾಗಿಲಲ್ಲವೆ?

ಈ ಮನೆ ಕಟ್ಟಿಸಿದವರು ನನ್ನ ಅಜ್ಜ. ಅವರಿಗೆ ಇಂಗ್ಲಿಷಿನ ಒಂದು ಅಕ್ಷರ ಬರುತ್ತಿರಲಿಲ್ಲ. ಯಾವ ಸಾಹೇಬನ ಬಂಗಲೆಯ ಒಳಗೂ ಅವರು ಹೋದವರಲ್ಲ. ಆದರೂ ಹಿತ್ತಲ ಮೂಲೆಯಲ್ಲಿ ಎತ್ತರದ ಕಟ್ಟೆಯ ಮೇಲೆ ಪಾಯಖಾನೆ, ಅದರ ಬೆನ್ನಿಗೆ ಸಂದಿಯ ಕಡೆಗೆ ತಗಡು ಮುಚ್ಚಿದ ಕಿಂಡಿ, ಕಿಂಡಿಯೊಳಗೆ ಬುಟ್ಟಿ. ದಿನವೂ ಬೆಳಿಗ್ಗೆ ಒಬ್ಬ ಹೆಂಗಸು ಸಂದಿಯಿಂದ ಬಂದು ತಗಡು ಸರಿಸಿ ಬುಟ್ಟಿ ಎಳೆಯುತ್ತಿದ್ದಳು. 1970ರ ದಶಕದ ಆರಂಭದಲ್ಲೇ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು. ಬೆಂಗಳೂರಿನ ಆ ಮಾತು ನಮ್ಮ ಹಿತ್ತಲಿಗೆ ಬಂದು ಮುಟ್ಟಲು ವರ್ಷಗಳು ಹಿಡಿದವು. ದೇಶಕ್ಕೆಲ್ಲ ಕಾಯ್ದೆ ಆದದ್ದು 1993ರಲ್ಲಿ. ಅದು ಸಾಲದೆಂದು 2013ರಲ್ಲಿ ಇನ್ನೊಂದು ಮಾಡಬೇಕಾಯಿತು.

ನಾನಾಗ ಏಳೆಂಟು ವರ್ಷದವಳು. ರಾತ್ರಿ ಉಳಿದ ರೊಟ್ಟಿಯನ್ನು ಆಕೆಗಾಗಿ ಸಂದಿಯ ಕಲ್ಲಿನ ಮೇಲೆ ಇಟ್ಟು ಬರುವುದು ನನ್ನ ಕೆಲಸ. ಇಟ್ಟು, ಒಳಗೆ ಬಂದು, ಬಾಗಿಲು ಹಾಕಿಕೊಂಡ ಮೇಲೆಯೇ ಆಕೆ ಅದನ್ನು ಎತ್ತಿಕೊಳ್ಳಬೇಕು. ಒಂದು ದಿನ ಜೋರು ಮಳೆ. ಖಾನಾಪುರದ ಮಳೆ ನೋಡಿದವರಿಗೇ ಗೊತ್ತು. ಆಕೆ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಕಲ್ಲಿನ ಮೇಲಿಟ್ಟರೆ ರೊಟ್ಟಿ ತೋಯುತ್ತದೆ. ಕೈಯಲ್ಲಿ ಕೊಡಬೇಕೋ ಏನು ಮಾಡಬೇಕೋ ತಿಳಿಯದೆ ನಾನು ಹೊಸ್ತಿಲಲ್ಲಿ ನಿಂತೆ. ಒಳಗಿನಿಂದ ಆಯಿಯ ದನಿ ಬಂತು: "ಏನ್ ನೋಡ್ತಿ? ಒಳಗ ಬಾ, ಬಾಗ್ಲಾ ಹಾಕು!"

ನಾನು ಅಳುಮುಖ ಮಾಡಿರಬೇಕು. ಆಗ ಆಕೆ ಅಂದಳು, "ಹಾಕ್ರಿ ತಂಗಿ, ಬಾಗ್ಲಾ ಹಾಕ್ರಿ. ಮಳಿ ಒಳಗ ಬರ್ತೈತಿ."

ನಾನು ರೊಟ್ಟಿಯನ್ನು ತೋಯುವ ಕಲ್ಲಿನ ಮೇಲಿಟ್ಟು ಬಾಗಿಲು ಹಾಕಿದೆ.

ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮರೆತಿದ್ದೆ ಎಂದೇ ತಿಳಿದಿದ್ದೆ. ಬಾಗಿಲು ಹಾಕಿದ ತಪ್ಪು ನನಗೆ ಹತ್ತಬಾರದೆಂದು ಆಕೆ ಮಳೆಯ ನೆವ ಹೇಳಿದ್ದಳು. ದೊಡ್ಡಸ್ತಿಕೆ ಯಾರ ಕಡೆಗಿತ್ತು ಎಂದು ನನಗೆ ಅರ್ಥವಾಗಲು ಐವತ್ತು ವರ್ಷ ಬೇಕಾಯಿತು. ಆಕೆಯ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಜಾತಿಯ ಹೆಸರೇ ಆಕೆಯ ಹೆಸರಾಗಿತ್ತು.

ಆ ದಿನ ಬಸ್ಸಿನಲ್ಲಿ ಬೆಳಗಾವಿಗೆ ವಾಪಸು ಬರುವಾಗ ಇಂಗ್ಲಿಷರನ್ನು ಬೈಯುವ ಉಮೇದು ನನಗೆ ಉಳಿದಿರಲಿಲ್ಲ. ಅವರು ತಮ್ಮ ದೇಶದ ದೊಡ್ಡ ಮನೆಗಳಲ್ಲಿಯೂ ಆಳುಗಳಿಗೆ ಬೇರೆ ಮೆಟ್ಟಿಲು, ಬೇರೆ ಬಾಗಿಲು ಮಾಡುತ್ತಿದ್ದರು. ಆ ಅಭ್ಯಾಸ ತೆಗೆದುಕೊಂಡೇ ಹಡಗು ಹತ್ತಿದರು. ಆದರೆ ಇಲ್ಲಿಗೆ ಬಂದಾಗ ಅವರು ಹೊಸದಾಗಿ ಏನನ್ನೂ ಕಲಿಸಬೇಕಾಗಲಿಲ್ಲ. ಹಿಂದಿನಿಂದ ಬರುವವರು ಯಾರು, ಅವರು ಎಲ್ಲಿ ನಿಲ್ಲಬೇಕು, ಯಾರ ಮುಖ ನೋಡಬಾರದು ಎಂಬುದನ್ನೆಲ್ಲ ನಾವು ಮೊದಲೇ ಗೊತ್ತುಮಾಡಿಟ್ಟಿದ್ದೆವು. ಬಂಗಲೆಯ ಮಾಡಿನಂತೆಯೇ ಅದರ ಹಿಂದಿನ ಬಾಗಿಲನ್ನೂ ಅವರು ಅರ್ಧ ನಮ್ಮಿಂದಲೇ ಪಡೆದರು.

ಹಾಗಾದರೆ ಮನೆಗೆ ಪಾಪ ಇದೆಯೆ? ಇದೇ ನನ್ನ ಪ್ರಶ್ನೆ.

ಕಲ್ಲು, ಗಾರೆ, ತೇಗದ ಹಲಗೆ ಏನು ಮಾಡಿಯಾವು, ಪಾಪ ಮಾಡಿದವರು ಮನುಷ್ಯರು ಎನ್ನಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಬೆಳಗಾವಿಯ ಕೋಟೆಯನ್ನೇ ನೋಡಿ. ರಟ್ಟರ ಮಂತ್ರಿ ಬೀಚಿರಾಜನ ಕಾಲದ ಕಮಲ ಬಸದಿ ಅಲ್ಲಿದೆ, ಅಸದ್ ಖಾನನ ಕಾಲದ ಸಫಾ ಮಸೀದಿ ಅಲ್ಲಿದೆ, ಮರಾಠರೂ ಇಂಗ್ಲಿಷರೂ ಅಲ್ಲಿದ್ದು ಹೋದರು. ಕೋಟೆಗಾಗಿ ಎಷ್ಟು ರಕ್ತ ಹರಿಯಿತೋ. ಆದರೂ ನಾವು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಬುತ್ತಿ ಬಿಚ್ಚಿ ಉಣ್ಣುತ್ತೇವೆ. ಕಲ್ಲಿಗೆ ಪಾಪ ಅಂಟುವುದಾದರೆ ಭೂಮಿಯ ಮೇಲೆ ಕಾಲಿಡಲು ಜಾಗವೇ ಇರುವುದಿಲ್ಲ.

ಆದರೆ ಈ ಉತ್ತರ ನನಗೆ ಪೂರ್ತಿ ಸಮಾಧಾನ ಕೊಡಲಿಲ್ಲ. ಮನೆ ಬರೀ ಕಲ್ಲಲ್ಲ. ಹೆಂಗಸರಾದ ನಮಗೆ ಇದು ಚೆನ್ನಾಗಿ ಗೊತ್ತು, ಏಕೆಂದರೆ ದಿನದ ಬಹುಪಾಲು ಮನೆ ನಮ್ಮನ್ನು ನಡೆಸುತ್ತದೆ. ಒಲೆ ಎಲ್ಲಿದೆಯೋ ಅಲ್ಲಿ ನಿಲ್ಲುತ್ತೇವೆ. ಪಡಸಾಲೆಯಲ್ಲಿ ಗಂಡಸರು ಕೂತಿದ್ದರೆ ನಡುಮನೆಯ ಬಾಗಿಲ ಸಂದಿನಿಂದ ಮಾತಾಡುತ್ತೇವೆ. ಹಾಗೆ ಮಾಡಬೇಕೆಂದು ಯಾರೂ ದಿನವೂ ಹೇಳುವುದಿಲ್ಲ, ಗೋಡೆಗಳು ಹೇಳುತ್ತವೆ. ಮನೆ ಕಟ್ಟುವಾಗ ಯಾರೋ ಒಬ್ಬರು, ಇವರು ಇಲ್ಲಿ ಬರಲಿ, ಇವರು ಅಲ್ಲಿಯೇ ಇರಲಿ ಎಂದು ಒಮ್ಮೆ ತೀರ್ಮಾನ ಮಾಡುತ್ತಾರೆ. ಆಮೇಲೆ ಆ ಮನೆಯಲ್ಲಿ ಹುಟ್ಟಿದವರು ತೀರ್ಮಾನ ಮಾಡುವ ಗೋಜಿಗೇ ಹೋಗುವುದಿಲ್ಲ. ನನ್ನ ಆಯಿ ಕೆಟ್ಟವಳಲ್ಲ. ಉಪವಾಸ ಬಂದವರಿಗೆ ಊಟ ಹಾಕದೆ ಕಳಿಸಿದವಳಲ್ಲ. ಆದರೆ ಆ ಬಾಗಿಲ ವಿಷಯದಲ್ಲಿ ಅವಳು ವಿಚಾರ ಮಾಡಬೇಕಾದ ಪ್ರಸಂಗವೇ ಬಾರದ ಹಾಗೆ ಮನೆ ಕಟ್ಟಲಾಗಿತ್ತು. ಮನೆ ಪಾಪ ಮಾಡುವುದಿಲ್ಲ ನಿಜ, ಆದರೆ ಮಾಡಿದ ಪಾಪ ನಮ್ಮ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತದೆ.

ಹಾಗಿದ್ದರೆ ಬಾಗಿಲನ್ನು ಮುಚ್ಚಿಬಿಟ್ಟರೆ ಪಾಪ ತೀರುವುದೆ? ಇಟ್ಟಿಗೆ ಇಟ್ಟು ಗಿಲಾವು ಮಾಡಿ ಬಿಳಿಬಣ್ಣ ಬಳಿದರೆ ಅಲ್ಲಿ ಬಾಗಿಲಿತ್ತೆಂಬುದೇ ತಿಳಿಯುವುದಿಲ್ಲ. ತಂಗಿಯ ಮೊಮ್ಮಕ್ಕಳು ಆ ಮನೆಯಲ್ಲಿ ಆಡುವಾಗ, ಎಷ್ಟು ಚೆಂದದ ಬಂಗಲೆ ಎಂದಷ್ಟೇ ತಿಳಿಯುತ್ತಾರೆ. ಪಂಖದ ತೂತು, ಕುಳ್ಳ ಬಾಗಿಲು, ಆಳುಗಳ ಕೋಣೆ ಎಲ್ಲವನ್ನೂ ಅಳಿಸಿ ತಂಪು ವರಾಂಡವನ್ನು ಮಾತ್ರ ಉಳಿಸಿಕೊಂಡರೆ, ಅನುಕೂಲದ್ದು ಇಟ್ಟುಕೊಂಡು ಲೆಕ್ಕದ ಪುಸ್ತಕ ಸುಟ್ಟಂತೆ ಆಗುವುದಿಲ್ಲವೆ? ಪಾಲಿಶ್ ಮಾಡಿಸುವ ಎಂಜಿನಿಯರ್ ಹುಡುಗನ ಮಾತಿಗೂ ಅದೇ ದೋಷ. ಅವನ ಕಣ್ಣಿಗೆ ತೇಗ ಕಾಣುತ್ತದೆ, ಬಾಗಿಲು ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ ಇಂಥ ವಾದ ಬಹಳ ಹಳೆಯದು. ಹಳೆಯ ಕಟ್ಟಡಗಳನ್ನು ಹೊಸದರಂತೆ ಕೆರೆದು ತಿದ್ದುವುದನ್ನು ಕಂಡು ಸಿಟ್ಟಾದ ವಿಲಿಯಂ ಮಾರಿಸ್, 1877ರಲ್ಲಿ ಅದರ ವಿರುದ್ಧ ಒಂದು ಸಂಘವನ್ನೇ ಕಟ್ಟಿದ. ಕಟ್ಟಡಕ್ಕೆ ದುರಸ್ತಿ ಮಾಡಿ, ಅದರ ವಯಸ್ಸನ್ನು ಅಳಿಸಬೇಡಿ ಎಂಬುದು ಅವನ ವಾದದ ಸಾರ. ವೇಲ್ಸ್‌ನಲ್ಲಿ ಎರ್ಡಿಗ್ ಎಂಬ ದೊಡ್ಡ ಮನೆಯೊಂದಿದೆ. ಅದರ ಯಜಮಾನರು ತಲೆಮಾರುಗಳ ಕಾಲ ತಮ್ಮ ಆಳುಗಳ ಚಿತ್ರ ಬರೆಯಿಸಿ, ಅವರ ಮೇಲೆ ಪದ್ಯ ಕಟ್ಟಿ ತೂಗುಹಾಕಿದ್ದರು. 1973ರಲ್ಲಿ ಅದು ನ್ಯಾಷನಲ್ ಟ್ರಸ್ಟಿನ ಕೈಗೆ ಬಂತು. 1977ರಲ್ಲಿ ಜನರಿಗೆ ತೆರೆದಾಗ, ನೋಡಬಂದವರನ್ನು ಮುಂದಿನ ದೊಡ್ಡ ಬಾಗಿಲಿನಿಂದ ಬಿಡಲಿಲ್ಲ. ಆಳುಗಳು ಓಡಾಡುತ್ತಿದ್ದ ಹಿಂದಿನ ಅಂಗಳದಿಂದ ಒಳಗೆ ಕರೆದರು. ಬಂದವರು ಮೊದಲು ಕೆಲಸದ ಕೋಣೆಗಳನ್ನು ನೋಡಿ, ಆಮೇಲೆ ದಿವಾನಖಾನೆ ನೋಡಬೇಕು. ಇದು ನನಗೆ ಬಹಳ ಮೆಚ್ಚುಗೆಯಾಯಿತು. ಆದರೆ ಅದು ವಸ್ತುಸಂಗ್ರಹಾಲಯದ ಮಾತು. ಜನ ಬಾಳ್ವೆ ಮಾಡುವ ಮನೆಯಲ್ಲಿ ಹಾಗೆ ಮಾಡಲಾದೀತೆ? ಬಂದ ಬೀಗರನ್ನು ಬಚ್ಚಲಿನಿಂದ ಒಳಗೆ ಕರೆಯಲಾಗುತ್ತದೆಯೆ?

ಹೀಗೆ ಇನ್ನೊಬ್ಬರ ಮನೆಯ ಬಾಗಿಲಿನ ವಿಚಾರ ಮಾಡುತ್ತ ಅಡಿಗೆ ಮನೆಯಲ್ಲಿ ಚಹ ಸೋಸುತ್ತಿದ್ದೆ. ಟಿಳಕವಾಡಿಯ ನನ್ನ ಮನೆ ಚಿಕ್ಕದು. ಮಹಡಿಯ ಮೇಲಿದೆ, ಇರುವುದು ಒಂದೇ ಬಾಗಿಲು. ಹಿತ್ತಲೂ ಇಲ್ಲ, ಸಂದಿಯೂ ಇಲ್ಲ. ಭಾಂಡೆ ತಿಕ್ಕಲು ಬರುವ ಬಾಯಿ ನಾನು ಬರುವ ಬಾಗಿಲಿನಿಂದಲೇ ಬರುತ್ತಾಳೆ. ಸದ್ಯ, ನನ್ನ ಮನೆ ನಿರ್ಮಲ ಎಂದುಕೊಳ್ಳುವಷ್ಟರಲ್ಲಿ ನನ್ನ ಕೈ ಸಿಂಕಿನ ಪಕ್ಕದ ಗೂಡಿನತ್ತ ಹೋಯಿತು. ಅಲ್ಲಿ ಒಂದು ಕಪ್ಪು-ಬಸಿ. ಕಿವಿ ಮುರಿದದ್ದು. ಅದು ಆಕೆಯದು. ಹದಿನಾಲ್ಕು ವರ್ಷದಿಂದ ಅದು ಅಲ್ಲಿಯೇ ಇದೆ. ಆಕೆ ಕುಡಿಯುತ್ತಾಳೆ, ತೊಳೆಯುತ್ತಾಳೆ, ಅದೇ ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಾಳೆ. ನಾನು ಹೀಗೆ ಮಾಡು ಎಂದು ಹೇಳಿದ ನೆನಪಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಚಹದ ಸೋಸಣಿಗೆ ಹಿಡಿದುಕೊಂಡು ಸುಮ್ಮನೆ ನಿಂತೆ. ಶಾಲೆಯಲ್ಲಿ ಪ್ರತಿ ವರ್ಷ 1924ರ ಬೆಳಗಾವಿ ಕಾಂಗ್ರೆಸ್ಸಿನ ಪಾಠ ಮಾಡುತ್ತೇನೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ನಮ್ಮ ಊರಿನದು ಎಂದು ಎದೆಯುಬ್ಬಿಸಿ ಹೇಳುತ್ತೇನೆ. ಅದೇ ಗಾಂಧೀಜಿ 1901ರ ಕಲ್ಕತ್ತೆಯ ಅಧಿವೇಶನದಲ್ಲಿ, ಹೊಲಸಾದ ಪಾಯಖಾನೆಯನ್ನು ಯಾರೂ ಮುಟ್ಟದಿದ್ದಾಗ, ತಾವೇ ಪೊರಕೆ ಕೇಳಿ ತೆಗೆದುಕೊಂಡು ಬಳಿದರೆಂಬುದನ್ನೂ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ನಾನು ಮನೆಗೆ ಬಂದು ಎರಡು ಕಪ್ಪುಗಳಲ್ಲಿ ಚಹ ಮಾಡುತ್ತೇನೆ. ಬಾಗಿಲಿಲ್ಲದ ಮನೆಯಲ್ಲಿ ನಾನೇ ಒಂದು ಬಾಗಿಲು ಮಾಡಿಕೊಂಡಿದ್ದೆ.

ಮರುದಿನ ಆಕೆಗೆ ನಮ್ಮ ಕಪ್ಪಿನಲ್ಲೇ ಚಹ ಕೊಟ್ಟೆ. ಆಕೆ ಕಪ್ಪು ನೋಡಿದಳು, ನನ್ನ ಮುಖ ನೋಡಿದಳು. "ಅಕ್ಕೋರ, ನನ್ನ ಕಪ್ಪ ಒಡದೈತೇನ್ರಿ?" ಎಂದಳು. ಏನು ಹೇಳಲಿ? ಹೌದು, ಒಡೆಯಿತು ಎಂದೆ. ಸುಳ್ಳು ಹೇಳಿದೆ. ಆಕೆ ಕುಡಿದು, ತೊಳೆದು, ಆ ಕಪ್ಪನ್ನು ಒಯ್ದು ಅದೇ ಗೂಡಿನಲ್ಲಿ ಬೋರಲು ಹಾಕಿದಳು.

ಮುಂದಿನ ಐತವಾರ ಕ್ಯಾಂಪಿಗೆ ಹೋದೆ. ಎಲ್ಲರೂ ನನ್ನ ತೀರ್ಪಿಗೆ ಕಾಯುತ್ತಿದ್ದರು. ನನ್ನ ಹತ್ತಿರ ತೀರ್ಪಿರಲಿಲ್ಲ. ಕ್ಯಾಂಪಿನ ಆಸ್ತಿಯ ಸ್ಥಿತಿಯೂ ವಿಚಿತ್ರ. ಗೋಡೆ, ಮಾಡು ತಂಗಿಯ ಮನೆಯವರದು, ನೆಲ ಸರ್ಕಾರದ್ದು. ದಂಡಿನ ಪ್ರದೇಶದ ಹಳೆಯ ಬಂಗಲೆಗಳಲ್ಲಿ ಎಷ್ಟೋ ಇಂಥವು. ಕಟ್ಟಡದ ಬೆಲೆ ಕೊಟ್ಟು ನೆಲ ಹಿಂದಕ್ಕೆ ಪಡೆಯುವ ಹಕ್ಕು ಸರ್ಕಾರಕ್ಕಿದೆ. ಗೋಡೆ ಒಡೆಯಲು, ಕಟ್ಟಲು ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ನಮ್ಮದು ಎಂದು ಜಗಳವಾಡುವ ಮನೆಯಲ್ಲಿ ನಾವೂ ಬಂದು ಹೋಗುವವರೇ.

ಆ ಮನೆಯಲ್ಲಿ ಕೆಲಸಕ್ಕೆ ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದರು. ಹಿಂದಿನ ಅಂಗಳದಲ್ಲಿ ಸಿಮೆಂಟಿನ ಕಲೆ ತಿಕ್ಕುತ್ತಿದ್ದಳು. ಇಷ್ಟು ದಿನ ಬಾಗಿಲಿನ ಬಗ್ಗೆ ಐದು ಜನ ವಾದ ಮಾಡಿದ್ದೆವು, ಆಕೆಯನ್ನು ಯಾರೂ ಕೇಳಿರಲಿಲ್ಲ. ನಾನು ಹೋಗಿ ಕೇಳಿದೆ: "ಏನವ್ವಾ, ಈ ಬಾಗ್ಲಾ ಇರಲೋ, ಮುಚ್ಚಿಸೂಣೋ?"

ಆಕೆ ಕೈ ಒರೆಸಿಕೊಂಡು ಬಾಗಿಲನ್ನು ಒಮ್ಮೆ ನೋಡಿದಳು. "ಮುಚ್ಚಬ್ಯಾಡ್ರಿ ಬಾಯಾರ. ಇಲ್ಲಿಂದ ತೊಳದ ಅರಬಿ ತಗೊಂಡು ಸೀದಾ ಹಗ್ಗದ ಕಡೆ ಬರಾಕ ಬರ್ತೈತಿ. ಇಲ್ಲಂದ್ರ ಒಜ್ಜೆ ಬಕೀಟ ಹೊತ್ತು ಮನೀ ಎಲ್ಲಾ ಸುತ್ತಬೇಕು." ತುಸು ತಡೆದು ಇನ್ನೊಂದು ಮಾತು ಸೇರಿಸಿದಳು: "ಆದ್ರ ಮುಂಜಾನೆ ಬರಾಕ ಮುಂದಿನ ಗೇಟ ತಗೀರಿ. ಹಿಂದಿನ ಹಾದಿ ಮಳಿಗಾಲದಾಗ ಜಾರ್ತೈತಿ. ಹಾವೂ ಅದಾವು."

ನಾವು ಪಾಪ, ಇತಿಹಾಸ, ಅಸಹ್ಯ, ತೇಗ ಎಂದು ತಲೆ ಕೆಡಿಸಿಕೊಂಡಿದ್ದೆವು. ಆಕೆಗೆ ಬೇಕಾದದ್ದು ಹತ್ತಿರದ ಹಾದಿ ಮತ್ತು ಜಾರದ ಹಾದಿ. ತಂಗಿಯ ಮಗಳು ಪೆಚ್ಚಾದಳು. ನಾನೂ ಪೆಚ್ಚಾದೆ. ಆಕೆಯ ಮಾತಿನಲ್ಲಿ ದೂರು ಇರಲಿಲ್ಲ, ಆದರೆ ನಮ್ಮ ವಾದಕ್ಕೆಲ್ಲ ಉತ್ತರ ಇತ್ತು. ಬಾಗಿಲು ಕೆಟ್ಟದ್ದಲ್ಲ, ಯಾರು ಯಾವ ಬಾಗಿಲಿನಿಂದ ಮಾತ್ರ ಬರಬೇಕು ಎಂಬುದು ಕೆಟ್ಟದ್ದು. ಆ 'ಮಾತ್ರ' ಹೋದರೆ ಅದು ಬರೀ ಬಾಗಿಲು.

ಕೊನೆಗೆ ಹೀಗಾಯಿತು. ಬಾಗಿಲು ಉಳಿಯಿತು. ತಲೆ ತಾಗದ ಹಾಗೆ ಚೌಕಟ್ಟನ್ನು ಎತ್ತರಿಸಬೇಕೆಂದು ಅರ್ಜಿ ಬರೆದರು. ಕಳ್ಳರ ಭಯಕ್ಕೆ ಒಳಗೊಂದು ಗಟ್ಟಿ ಕೀಲಿ ಹಾಕಿಸಿದರು. ಕೋಣೆಯ ಕಡೆಗಿದ್ದ ಆ ದಪ್ಪ ಚಿಲಕವನ್ನು ಮಾತ್ರ ಬಡಿಗೇರರಿಂದ ತೆಗೆಯಿಸಿದೆವು. ತೆಗೆದ ಜಾಗದಲ್ಲಿ ನಾಲ್ಕು ಮೊಳೆಯ ತೂತು ಉಳಿದಿವೆ. ಅವನ್ನು ಲಾಂಬಿ ತುಂಬಿ ಮುಚ್ಚಬೇಡಿ ಎಂದು ತಂಗಿಯ ಮಗಳು ಹೇಳಿದಳು. ಮುಂದೆ ಯಾರಾದರೂ ಮಕ್ಕಳು ಇದೇನು ಎಂದು ಕೇಳಿದರೆ ಹೇಳಲಿಕ್ಕೆ ಬೇಕಂತೆ. ಅವಳ ಮಾತು ನನಗೆ ಸರಿ ಎನಿಸಿತು. ಕೆಲಸದ ಹೆಂಗಸು ಈಗ ಮುಂದಿನ ಗೇಟಿನಿಂದಲೇ ಬರುತ್ತಾಳೆ ಎಂದು ತಂಗಿ ಹೇಳುತ್ತಾಳೆ. ಮೊದಲ ನಾಲ್ಕು ದಿನ ಅಳಿಯಂದಿರಿಗೆ ತುಸು ಕಸಿವಿಸಿಯಾಯಿತಂತೆ. ಈಗ ಆಕೆಯೇ ಪೇಪರು ಎತ್ತಿ ತಂದು ಕೊಡುತ್ತಾಳಂತೆ.

ಖಾನಾಪುರದ ಬಾಗಿಲು ಹಾಗೇ ಇದೆ. ಅದರ ಹೊಸ್ತಿಲ ಮುಂದೆ ಆ ಕಲ್ಲೂ ಇದೆ. ಅದರ ಮೇಲೆ ನಿಂತು ಕ್ಷಮೆ ಕೇಳೋಣವೆಂದರೆ ಕೇಳಿಸಿಕೊಳ್ಳಬೇಕಾದವಳು ಯಾವಾಗಲೋ ಹೋಗಿರಬೇಕು. ಹೆಸರು ಗೊತ್ತಿಲ್ಲದವಳ ಮಕ್ಕಳನ್ನು ಎಲ್ಲಿ ಹುಡುಕಲಿ?

ನನ್ನ ಮನೆಯ ವಿಷಯ ಹೇಳದೆ ಮುಗಿಸಿದರೆ ಮೋಸವಾದೀತು. ಕಿವಿ ಮುರಿದ ಕಪ್ಪನ್ನು ಎಸೆದೆ. ಗೂಡಿನಲ್ಲಿ ಸೋಪಿನ ಪುಡಿಯ ಡಬ್ಬಿ ಇಟ್ಟೆ. ಈಗ ಕಪ್ಪು ಬೋರಲು ಹಾಕಲು ಅಲ್ಲಿ ಜಾಗವಿಲ್ಲ. ಆಕೆ ಎರಡು ದಿನ ಕಪ್ಪನ್ನು ಕೈಯಲ್ಲಿ ಹಿಡಿದು ಎಲ್ಲಿಡಲಿ ಎಂದು ಅತ್ತಿತ್ತ ನೋಡಿದಳು. ಮೂರನೆಯ ದಿನ ಉಳಿದ ಕಪ್ಪುಗಳ ಸಾಲಿನಲ್ಲಿ, ತುಸು ಅಂತರ ಬಿಟ್ಟು ಇಟ್ಟಳು. ಚಹ ಕುಡಿಯುವಾಗ ಇನ್ನೂ ನೆಲದ ಮೇಲೆಯೇ ಕೂರುತ್ತಾಳೆ. ಕುರ್ಚಿಯ ಮೇಲೆ ಕೂತುಕೋ ಎಂದರೆ, "ನನಗ ಹಿಂಗ ಹಗರ ಆಗ್ತೈತ್ರಿ" ಅನ್ನುತ್ತಾಳೆ. ನಾನೂ ಈಗೀಗ ಮಣೆ ಹಾಕಿಕೊಂಡು ಎದುರಿಗೆ ಕೂರುತ್ತೇನೆ. ಮೊಣಕಾಲು ನೋಯುತ್ತವೆ. ಏಳುವಾಗ ಆಕೆ ಕೈ ಕೊಟ್ಟು ಎಬ್ಬಿಸುತ್ತಾಳೆ.